ಐವತ್ತು ತೋರಿಸಿದ ಡಬ್ಬಿ

ಬೆಸುಗೆರಾಯರಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಆರು ವರ್ಷದ ಹಿಂದೆ ಎರಡನೇ ಮಹಡಿಯ ನರ್ಸಮ್ಮ, ತನ್ನ ರೇಡಿಯೋ ಗೊರಗೊರ ಅನ್ನುತ್ತಿದೆ ಅಂದಾಗ, ಅದೇನು ಮಹಾ, ಒಂದು ಬೆಸುಗೆ ಹಾಕಿದರೆ ಆಯಿತು ಅಂತ ಇಸಿದುಕೊಂಡು ಹೋದರು. ಬೆಸುಗೆ ಹಾಕಿಯೂ ಹಾಕಿದರು. ಅವತ್ತಿನಿಂದ ರೇಡಿಯೋ ಗೊರಗೊರ ಅನ್ನುವುದನ್ನು ಬಿಟ್ಟಿತು. ಮಿಕ್ಕ ಏನನ್ನೂ ಅನ್ನುವುದನ್ನೂ ಬಿಟ್ಟಿತು. ನರ್ಸಮ್ಮ ಒಳ್ಳೆಯವಳು, ಜಗಳ ಆಡಲಿಲ್ಲ. ಹೆಸರು ಮಾತ್ರ ಇಟ್ಟಳು.

ಹಗಲೆಲ್ಲ ರಾಯರು ಬಸ್ ನಿಲ್ದಾಣದಲ್ಲಿ ಗುಮಾಸ್ತರು. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಇಳಿದ ಸಾಮಾನುಗಳನ್ನು ಪಟ್ಟಿ ಮಾಡಿ ಕಾಯುವುದು ಅವರ ಕೆಲಸ. ಕೊಡೆಗಳು, ಊಟದ ಡಬ್ಬಿಗಳು, ಎಡಗಾಲಿನ ಚಪ್ಪಲಿಗಳು, ಒಮ್ಮೆ ಒಂದು ಹಲ್ಲಿನ ಸೆಟ್ಟು. ಇಡೀ ದಿನ ಊರವರು ಕಳೆದುಕೊಂಡದ್ದನ್ನು ಕಾಯುವ ಮನುಷ್ಯನಿಗೆ ಸಂಜೆಯಾದರೂ ತನ್ನದು ಅಂತ ಏನಾದರೂ ಬೇಕಲ್ಲ. ಅದು ಅವರಿಗೆ ಸಿಕ್ಕಿದ್ದು ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ, ಎದ್ದು ನಿಂತರೆ ತಲೆಗೆ ಮೆಟ್ಟಿಲು. ಅಲ್ಲೊಂದು ಮೇಜು, ಬೆಸುಗೆ ಕಡ್ಡಿ, ತಂತಿಗಳ ಸಿಂಬಿ, ಬಿಸ್ಕತ್ತಿನ ಡಬ್ಬಿಯ ತುಂಬ ಸಣ್ಣಪುಟ್ಟ ಬಿಡಿಭಾಗಗಳು. ಇಡೀ ಕಟ್ಟಡಕ್ಕೆ ಕರೆಂಟು ಒಯ್ಯುವ ತಂತಿಗಳೆಲ್ಲ ಆ ಕೋಣೆಯ ಗೋಡೆಯೊಳಗಿಂದಲೇ ಮೇಲಕ್ಕೆ ಹತ್ತುತ್ತಿದ್ದವು. ಈ ಒಂದು ವಿಷಯ ನೀವು ನೆನಪಿಟ್ಟುಕೊಳ್ಳಿ, ರಾಯರು ಇಟ್ಟುಕೊಳ್ಳಲಿಲ್ಲ.

ಕೋಣೆ ಅವರದಲ್ಲ, ನಿವಾಸಿಗಳ ಸಂಘದ್ದು. ಸಂಘ ಎಂದರೆ ಕಾರ್ಯದರ್ಶಿಗಳು. ಯಾವುದೋ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಡತಗಳ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ನಿವೃತ್ತರಾದವರು. ಪರಿಶೀಲಿಸುವುದಕ್ಕೆ ಮನೆಯಲ್ಲಿ ಏನೂ ಉಳಿಯದೆ ಕಟ್ಟಡವನ್ನು ಹಿಡಿದುಕೊಂಡಿದ್ದರು. ಆ ಕೋಣೆ ಸಂಘದ ಕಚೇರಿಯಾಗಬೇಕು, ಒಳಗೆ ತಮ್ಮ ಕುರ್ಚಿ ಇರಬೇಕು, ಹೊರಗೆ ತಮ್ಮ ಬೋರ್ಡು ಇರಬೇಕು ಎಂಬುದು ಅವರ ಬಹುದಿನದ ಆಸೆ. ಖಾಸಗಿ ಹವ್ಯಾಸಕ್ಕೆ ಸಾರ್ವಜನಿಕ ಕೋಣೆ ಏಕೆ ಎಂದು ರಾಯರಿಗೆ ಮೂರು ನೋಟಿಸು ಬಂದಿತ್ತು. ಮೂರನೆಯದರಲ್ಲಿ, ಬರುವ ತಿಂಗಳ ಮೊದಲ ಭಾನುವಾರದ ಸಭೆಯಲ್ಲಿ ವಿಷಯ ತೀರ್ಮಾನವಾಗುತ್ತದೆ ಎಂದಿತ್ತು.

ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವರು ಕಾರ್ಯದರ್ಶಿಗಳ ಮನೆಗೆ ಹೋಗಿ ನಾಲ್ಕು ಒಳ್ಳೆ ಮಾತಾಡುತ್ತಾರೆ. ರಾಯರು ಫ್ರೀಕ್ವೆನ್ಸಿ ಕೌಂಟರು ಕಟ್ಟುವುದರಲ್ಲಿ ಮುಳುಗಿದ್ದರು.

ಫ್ರೀಕ್ವೆನ್ಸಿ ಕೌಂಟರು ಅಂದರೆ ಹೆದರಬೇಡಿ, ಅದೊಂದು ಲೆಕ್ಕದ ಡಬ್ಬಿ. ಒಂದು ಸೆಕೆಂಡಿನಲ್ಲಿ ಕರೆಂಟು ಎಷ್ಟು ಸಲ ಅತ್ತಿತ್ತ ಓಲಾಡಿತು ಎಂದು ಎಣಿಸಿ ಕೆಂಪು ಅಂಕೆಯಲ್ಲಿ ತೋರಿಸುತ್ತದೆ. ರಾಯರು ಸ್ವಂತ ಕೈಯಲ್ಲಿ ಮಾಡಿದ ಒಂದು ಸರ್ಕ್ಯೂಟು ಕೀಚಲು ದನಿ ಹೊರಡಿಸುತ್ತಿತ್ತು. ಅದು ಎಷ್ಟು ಕೀಚಲು ಎಂದು ಅಂಕೆಯಲ್ಲಿ ತಿಳಿಯದೆ ಅವರಿಗೆ ಅನ್ನ ರುಚಿಸುತ್ತಿರಲಿಲ್ಲ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕೌಂಟರು ಕೊಳ್ಳುವುದೋ, ಟ್ರಂಕಿನಷ್ಟು ದೊಡ್ಡದಾದ ಹಳೇ ಮಾಲು ಕೊಳ್ಳುವುದೋ, ಬಿಡಿಭಾಗ ತರಿಸಿ ತಾವೇ ಜೋಡಿಸುವುದೋ ಎಂದು ನಾಲ್ಕು ತಿಂಗಳು ಕೋಷ್ಟಕ ಬರೆದರು. ನನ್ನ ಒಪ್ಪೋಕೆ ನಿಮಗೆ ಕಾಲು ಗಂಟೆ ಸಾಕಾಗಿತ್ತಲ್ಲ ಎಂದು ಹೆಂಡತಿ ಕೇಳಿದರು. ಕೌಂಟರನ್ನು ಒಮ್ಮೆ ತಂದರೆ ಆಯುಷ್ಯಪೂರ್ತಿ ಇರುತ್ತೆ ಕಣೇ, ಯೋಚನೆ ಮಾಡಬೇಕಾಗುತ್ತೆ ಎಂದು ರಾಯರು ಹೇಳಿ, ಅವತ್ತು ರಾತ್ರಿಯ ಊಟ ತಾವೇ ಬಡಿಸಿಕೊಂಡರು.

ಕೊನೆಗೆ ಬಿಡಿಭಾಗಗಳ ಪೊಟ್ಟಣ ಬಂತು. ಜೊತೆಗೆ ಎರಡು ಹಾಳೆಯ ಸೂಚನೆ. ಮೊದಲ ಹಾಳೆಯಲ್ಲಿ ಜೋಡಿಸುವ ಕ್ರಮ. ಎರಡನೆಯದರಲ್ಲಿ 'ಬಳಸುವ ಮುನ್ನ ಓದಿ' ಎಂದಿತ್ತು. ಬಳಸುವ ಮುನ್ನ ಅಂದರೆ ಇನ್ನೂ ಟೈಮಿದೆ ಎಂದು ರಾಯರು ಅದನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಮೇಜಿನ ಕಾಲ ಕೆಳಗೆ ಇಟ್ಟರು. ಮೇಜು ಗಟ್ಟಿಯಾಗಿ ನಿಂತಿತು. ಹನ್ನೊಂದು ಸಂಜೆ ಕೂತು ಕೌಂಟರು ಮುಗಿಸಿದರು. ಗೋಡೆಯ ಪ್ಲಗ್ಗಿನಿಂದ ಓಡಿಸಲು ಮಾಡಿದ ಭಾಗ ಮೊದಲ ದಿನವೇ ಹೊಗೆ ಬಿಟ್ಟದ್ದರಿಂದ ಅದನ್ನು ಕಿತ್ತು ಬ್ಯಾಟರಿ ಹಾಕಿದರು. ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಕಾರ್ಯದರ್ಶಿಗಳು ಪರಿಶೀಲನೆಗೆ ಬಂದದ್ದು ಸರಿಯಾಗಿ ಅವತ್ತೇ. ಬಗ್ಗಿಕೊಂಡು ಒಳಗೆ ಬಂದರು, ಮೂಗಿನ ಮೇಲೆ ಕನ್ನಡಕ ಏರಿಸಿದರು, ಇದರಿಂದ ಸಂಘಕ್ಕೇನು ಪ್ರಯೋಜನ ಎಂದು ಕೇಳಿದರು. ರಾಯರು ಕೀಚಲು ಸರ್ಕ್ಯೂಟಿನ ಗುಂಡಿ ಒತ್ತಿದರು. ನಾಲ್ಕು ತಿಂಗಳಿಗೂ ಮೇಲೆ ಬಿಡದೆ ಕೀಚಿದ್ದ ಸರ್ಕ್ಯೂಟು ಆ ಗಳಿಗೆಯಲ್ಲಿ ಮೌನವ್ರತ ಹಿಡಿಯಿತು. ಕೌಂಟರಿನ ಮೇಲೆ ಸೊನ್ನೆ ನಿಂತಿತ್ತು. ಕಾರ್ಯದರ್ಶಿಗಳು ಸುಮ್ಮನಿರದೆ ಕೌಂಟರಿನಿಂದ ನೇತಾಡುತ್ತಿದ್ದ ತಂತಿಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಸೊನ್ನೆ ಹೋಗಿ ಐವತ್ತು ಬಂತು.

"ಏನ್ರೀ ಇದು ಐವತ್ತು?"

ರಾಯರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಒಂದು ಮಾತು ಹೇಳಿಬಿಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೋಣೆಯ ಆಸೆ ನೋಡಿ, ಬಾಯಿ ತಾನಾಗಿ ತೆರೆಯಿತು.

"ನಿಮ್ಮದೇ ಸಾರ್."

"ನನ್ನದು ಅಂದ್ರೆ?"

"ನಿಮ್ಮೊಳಗಿನ ಕಂಪನ ಸಾರ್. ಇಷ್ಟು ಸ್ಥಿರವಾಗಿ ನಾನು ಇನ್ಯಾರಲ್ಲೂ ನೋಡಿಲ್ಲ."

ಇದು ಸುಳ್ಳಲ್ಲ. ಇನ್ಯಾರಲ್ಲೂ ಅವರು ನೋಡಿಯೇ ಇರಲಿಲ್ಲ. ಕಾರ್ಯದರ್ಶಿಗಳು ತಂತಿ ಬಿಟ್ಟರು, ಸೊನ್ನೆ ಬಂತು. ಹಿಡಿದರು, ಐವತ್ತು ಬಂತು. ಮೂವತ್ತೈದು ವರ್ಷದ ಸೇವೆಯಲ್ಲಿ ಯಾರೂ ಅವರ ಸ್ಥಿರತೆಯನ್ನು ಹೀಗೆ ಅಂಕೆಯಲ್ಲಿ ತೋರಿಸಿರಲಿಲ್ಲ. ಕೋಣೆಯ ವಿಷಯ ಸಹಾನುಭೂತಿಯಿಂದ ಪರಿಶೀಲಿಸೋಣ ಎಂದು ಹೇಳಿ, ಬಂದಾಗಿದ್ದುದಕ್ಕಿಂತ ಎರಡು ಇಂಚು ಎತ್ತರವಾಗಿ ಹೊರಟು ಮೆಟ್ಟಿಲಿಗೆ ತಲೆ ಬಡಿಸಿಕೊಂಡರು.

ಮರುದಿನ ಸಂಜೆಗೆ ಕಟ್ಟಡಕ್ಕೆಲ್ಲ ಸುದ್ದಿ. ಬೆಸುಗೆರಾಯರ ಹತ್ತಿರ ಮನುಷ್ಯನ ಒಳಗನ್ನು ಅಳೆಯುವ ಯಂತ್ರ ಇದೆಯಂತೆ, ಕಾರ್ಯದರ್ಶಿಗಳದು ಐವತ್ತಂತೆ. ಮೊದಲು ಬಂದವರು ಕೆಳಗಿನ ಅಂಗಡಿಯ ಟೈಲರು. ಬಂದವರೇ ತಂತಿ ಹಿಡಿದರು. ಐವತ್ತೊಂದು ಬಂತು.

ಎಣಿಸುವ ಡಬ್ಬಿಗಳಿಗೆ ಇದೊಂದು ಚಾಳಿ. ಒಂದು ಆಚೆ, ಒಂದು ಈಚೆ ತೋರಿಸುತ್ತಲೇ ಇರುತ್ತವೆ, ಅದಕ್ಕೆ ಅರ್ಥ ಹುಡುಕಬಾರದು. ಆದರೆ ಟೈಲರಿಗೆ ಅರ್ಥ ಸಿಕ್ಕಿಬಿಟ್ಟಿತ್ತು. ಕಾರ್ಯದರ್ಶಿಗಳಿಗಿಂತ ಒಂದು ಜಾಸ್ತಿ. ಹದಿನೈದು ವರ್ಷ ಅವರ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು, ಒಂದು ಮಾತು ಆಡದೆ ಇದ್ದ ಮನುಷ್ಯ, ಅವತ್ತು ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲು ತನ್ನ ಅಳತೆ ಹೇಳತೊಡಗಿದರು.

ಆಮೇಲೆ ತಡೆಯುವವರಿರಲಿಲ್ಲ. ಸಂಜೆ ಆರಕ್ಕೆ ಮೆಟ್ಟಿಲ ಉದ್ದಕ್ಕೂ ಸಾಲು. ಮೂರನೇ ಮಹಡಿಯ ಅತ್ತೆಗೆ ನಲವತ್ತೊಂಬತ್ತು, ಅವರ ಸೊಸೆಗೆ ಐವತ್ತೊಂದು. ಅವತ್ತಿನಿಂದ ಆ ಮನೆಯಲ್ಲಿ ಅತ್ತೆ ಪಾತ್ರೆ ಇಡುವ ಸದ್ದು ನೆಲಮಹಡಿಗೂ ಕೇಳತೊಡಗಿತು. ನರ್ಸಮ್ಮ ಬಂದು, ನನ್ನ ರೇಡಿಯೋದ ಕಂಪನ ಎಷ್ಟು ಅಂತಲೂ ನೋಡಿ ಎಂದು ಹೇಳಿ ಹೋದಳು. ಕಡಿಮೆ ಬಂದವರಿಗೆ ರಾಯರು, ನಿಮ್ಮದು ಶಾಂತ ಸ್ವಭಾವ ಎನ್ನುತ್ತಿದ್ದರು. ಜಾಸ್ತಿ ಬಂದವರಿಗೆ, ಚುರುಕು ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವ ವಿದ್ಯೆ ಅವರಿಗೆ ಬೆಸುಗೆಗಿಂತ ಚೆನ್ನಾಗಿ ಬರುತ್ತಿತ್ತು. ಒಳಗೊಳಗೆ ಖುಷಿಯೂ ಆಗಿತ್ತು ಅನ್ನಿ. ಆರು ವರ್ಷದಲ್ಲಿ ಮೊದಲ ಸಲ ಜನ ಅವರನ್ನು ರಾಯರೇ ಎಂದು ನಗದೆ ಕರೆಯುತ್ತಿದ್ದರು.

ಟೈಲರ ಐವತ್ತೊಂದು ಕಿವಿಗೆ ಬಿದ್ದ ಕಾರ್ಯದರ್ಶಿಗಳು ಮರುಪರಿಶೀಲನೆಗೆ ಬಂದರು. ಹಿಡಿದರು. ನಲವತ್ತೊಂಬತ್ತು. ಕೈ ಒರೆಸಿಕೊಂಡು ಮತ್ತೆ ಹಿಡಿದರು. ಮತ್ತೂ ನಲವತ್ತೊಂಬತ್ತು. ಮುಖ ಕಪ್ಪಿಟ್ಟಿತು. ಅವತ್ತಿನಿಂದ ಕಾಫಿ ಬಿಟ್ಟರು, ಬೆಳಗ್ಗೆ ಐದಕ್ಕೆ ಎದ್ದು ನಾಲ್ಕು ಮಹಡಿ ಹತ್ತಿಳಿಯತೊಡಗಿದರು, ಸಂಜೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಯಾರನ್ನು ಬೇಕಾದರೂ ಮೀರಿಸಬಹುದು, ಸ್ವಂತ ಪ್ಯಾಂಟು ಹೊಲಿಯುವವನಿಗೆ ಸೋಲುವುದು ಹೇಗೆ? ದಿನಾ ಐವತ್ತು, ಇಲ್ಲವೇ ನಲವತ್ತೊಂಬತ್ತು. ಐವತ್ತೊಂದು ಅವರ ಕೈಗೆ ಹತ್ತಲೇ ಇಲ್ಲ.

ಸಭೆಗೆ ನಾಲ್ಕು ದಿನ ಇರುವಾಗ ಸಾಲಿನ ನೂಕಾಟಕ್ಕೆ ಮೇಜು ಜರುಗಿತು. ಕಾಲ ಕೆಳಗಿನ ಮಡಿಸಿದ ಹಾಳೆ ಹೊರಬಂತು. ಎಲ್ಲರೂ ಹೋದ ಮೇಲೆ ರಾಯರು ಅದನ್ನು ಬಿಡಿಸಿ ಓದಿದರು. ಎರಡನೇ ಸಾಲಿನಲ್ಲೇ ಇತ್ತು: ತಂತಿಯ ತುದಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹಿಡಿದರೆ ಸುತ್ತಲಿನ ಗೋಡೆಯಲ್ಲಿ ಹರಿಯುವ ಕರೆಂಟನ್ನು ನಿಮ್ಮ ಮೈ ಹೀರಿಕೊಂಡು, ಡಬ್ಬಿ ಐವತ್ತು ತೋರಿಸುತ್ತದೆ. ಕರೆಂಟು ಓಲಾಡುವ ಲೆಕ್ಕವೇ ಅಷ್ಟು. ಇದನ್ನು ಅಳತೆ ಎಂದು ತಿಳಿಯಬಾರದು.

ರಾಯರು ಕುರ್ಚಿ ಎಲ್ಲಿದೆ ಎಂದು ನೋಡದೆ ಕೂತರು. ಕುರ್ಚಿ ಅಲ್ಲಿರಲಿಲ್ಲ.

ನೆಲದ ಮೇಲೆ ಕೂತೇ ಯೋಚಿಸಿದರು. ಹೇಳಿದರೆ ಕೋಣೆ ಹೋಗುತ್ತದೆ. ಹೇಳದಿದ್ದರೆ ಮಾನ ಉಳಿಯುತ್ತದೆ, ಆದರೆ ಎಷ್ಟು ದಿನ? ಹೆಂಡತಿಗೆ ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ನಾಳೆಯೇ ಹೋಗಿ ಎಲ್ಲರಿಗೂ ನಿಜ ಹೇಳಿ ಬನ್ನಿ, ಆ ವಯಸ್ಸಾದ ಮನುಷ್ಯ ಕಾಫಿ ಬಿಟ್ಟು ಸೊರಗ್ತಿದಾರೆ, ಪಾಪ ತಟ್ಟುತ್ತೆ ಎಂದರು. ಮರುದಿನವೂ ಅದನ್ನೇ ಹೇಳಿದರು. ಅದರ ಮರುದಿನ ತಟ್ಟೆ ಮುಂದೆ ಇಟ್ಟು ಹೇಳಿದರು. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಭಾನುವಾರ ಸಭೆಯಲ್ಲಿ ಹೇಳಿಯೇ ಬಿಡುತ್ತೇನೆ ಎಂದು ರಾಯರು ಮಾತು ಕೊಟ್ಟರು.

ಭಾನುವಾರ ಬೆಳಗ್ಗೆ ಹತ್ತೂವರೆಗೆ ನೆಲಮಹಡಿಯ ಸಭಾಂಗಣ ತುಂಬಿತ್ತು. ಕಿಟಕಿಗಳಿಂದ ಧಾರಾಳ ಬಿಸಿಲು, ಮೇಲೆ ಒಂದು ಮುದಿ ಫ್ಯಾನು. ಅದು ತಿರುಗುವಾಗಲೂ ನಿಂತಾಗಲೂ ಗಾಳಿಯ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಕಾರ್ಯದರ್ಶಿಗಳು ನಡಾವಳಿ ಪುಸ್ತಕ ತೆರೆದರು. ಕೋಣೆಯ ವಿಷಯಕ್ಕೆ ಬರುವ ಮೊದಲು ಯಂತ್ರವನ್ನು ಸಭೆಯ ಮುಂದೆ ಪರೀಕ್ಷಿಸತಕ್ಕದ್ದು ಎಂದು ಡಬ್ಬಿಯನ್ನು ಮುಂದಿನ ಮೇಜಿಗೆ ತರಿಸಿದರು. ಆರು ದಿನದಿಂದ ಕಾಫಿ ಮುಟ್ಟಿರಲಿಲ್ಲ, ಅವತ್ತು ಆರು ಸಲ ಮಹಡಿ ಹತ್ತಿಳಿದಿದ್ದರು. ಟೈಲರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ರಾಯರು ಎದ್ದು ನಿಂತರು. ಅದಕ್ಕೂ ಮೊದಲು ನಾನೊಂದು ಮಾತು ಹೇಳಬೇಕು ಎಂದರು. ಆಮೇಲೆ ಹೇಳಿ ಎಂದು ಕಾರ್ಯದರ್ಶಿಗಳು ತಂತಿಗೆ ಕೈ ಹಾಕಿದರು. ಐವತ್ತು ಬಂತು. ಸಭೆ ಉಸಿರು ಹಿಡಿಯಿತು. ಅವರು ಕಣ್ಣು ಮುಚ್ಚಿ, ಮೈಯ ಬಲವನ್ನೆಲ್ಲ ಎರಡು ಬೆರಳಿಗೆ ತಂದರು.

ಸೊನ್ನೆ ಬಂತು.

ಕಣ್ಣು ಬಿಟ್ಟು ನೋಡಿದರು. ತಂತಿಯನ್ನು ಗಟ್ಟಿಯಾಗಿ ಹಿಡಿದರು. ಎರಡೂ ಕೈಯಲ್ಲಿ ಹಿಡಿದರು. ಸೊನ್ನೆ, ಸೊನ್ನೆ, ಸೊನ್ನೆ. ಕಾರ್ಯದರ್ಶಿಗಳು ಯಾರಿಗೂ ತೊಂದರೆ ಕೊಡದೆ, ನಿಧಾನವಾಗಿ, ನಿಯಮಬದ್ಧವಾಗಿ ಬೆಂಚಿನ ಮೇಲೆ ಮಲಗಿದರು.

ಇಡೀ ಸಭೆ ಬೆವೆತುಹೋಯಿತು. ಭಯಕ್ಕೆ ಅಂದುಕೊಂಡರು. ನರ್ಸಮ್ಮ ಓಡಿ ಬಂದು ಕೈ ಹಿಡಿದು ನೋಡಿದಳು. ನಾಡಿ ಕುದುರೆ ಹಾಗೆ ಓಡ್ತಿದೆ, ಏನೂ ಆಗಿಲ್ಲ, ಏಳಿ ಎಂದಳು.

"ಅದು ನೀನು ಬೆರಳಲ್ಲಿ ನೋಡಿದ್ದು ತಾಯಿ," ಎಂದರು ಕಾರ್ಯದರ್ಶಿಗಳು, ಮಲಗಿದಲ್ಲಿಂದಲೇ. "ಇದು ಯಂತ್ರ."

ಅಷ್ಟರಲ್ಲಿ ರಾಯರ ಕಣ್ಣು ಮೇಲಕ್ಕೆ ಹೋಯಿತು. ಫ್ಯಾನು ನಿಂತಿತ್ತು. ಕರೆಂಟು ಹೋಗಿತ್ತು. ಗೋಡೆಯಲ್ಲಿ ಕರೆಂಟಿಲ್ಲ, ಡಬ್ಬಿಯಲ್ಲಿ ಐವತ್ತಿಲ್ಲ. ಡಬ್ಬಿಗೆ ಮಾತ್ರ ಬ್ಯಾಟರಿ ಇದೆ, ಸೊನ್ನೆಯನ್ನು ನಿಷ್ಠೆಯಿಂದ ತೋರಿಸುತ್ತಿದೆ. ಸಾರ್, ಒಂದು ನಿಮಿಷ, ಎಂದು ರಾಯರು ಬಾಯಿ ತೆಗೆದರು. ಕಾರ್ಯದರ್ಶಿಗಳು ಕೈ ಎತ್ತಿ ತಡೆದರು. ತಮ್ಮ ಕೊನೆಯ ನಿರ್ಣಯ ಬರೆದುಕೊಳ್ಳಬೇಕು ಎಂದರು. ಟೈಲರು ಪೆನ್ನು ಹಿಡಿದರು.

ಕಾರ್ಯದರ್ಶಿಗಳು ಹೇಳುತ್ತಾ ಹೋದರು: ಮೆಟ್ಟಿಲ ಕೆಳಗಿನ ಕೋಣೆಯನ್ನು ಬೆಸುಗೆರಾಯರು ಇರುವಷ್ಟು ಕಾಲ ಅವರ ಉಪಯೋಗಕ್ಕೆ ಬಿಟ್ಟುಕೊಡತಕ್ಕದ್ದು. ನನ್ನ ಸ್ಥಿತಿಯನ್ನು ವೈದ್ಯರಿಗಿಂತ ಮೊದಲು ಕಂಡುಹಿಡಿದ ಯಂತ್ರ ಅಲ್ಲಿ ಸುರಕ್ಷಿತವಾಗಿರಲಿ. ಮೂರನೇ ಮಹಡಿಯ ಅತ್ತೆ ಸೊಸೆಯ ಹೆಗಲ ಮೇಲೆ ತಲೆಯಿಟ್ಟು ಅತ್ತರು.

ರಾಯರಿಗೆ ನಾಚಿಕೆ ತಡೆಯಲಾಗಲಿಲ್ಲ. ಹೇಳಿಯೇ ಬಿಡುತ್ತೇನೆ ಎಂದು ಒಂದು ಹೆಜ್ಜೆ ಮುಂದಿಟ್ಟರು. ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ನಾಲ್ಕು ದಿನದಿಂದ ನಿಜ ಹೇಳಿ, ನಿಜ ಹೇಳಿ ಎಂದು ಪ್ರಾಣ ತಿಂದ ಹೆಂಡತಿ, ತುಟಿ ಅಲುಗದ ಹಾಗೆ ಕಿವಿಯಲ್ಲಿ ಹೇಳಿದರು:

"ಸಹಿ ಆಗಲಿ ರೀ. ಆಮೇಲೆ ಹೇಳಿ."

ಇಲ್ಲಿ ಒಬ್ಬ ದೊಡ್ಡ ಮನುಷ್ಯ ಇದ್ದಿದ್ದರೆ ಅಂಗಿ ಬಿಡಿಸಿಕೊಂಡು ಮುಂದೆ ನಡೆಯುತ್ತಿದ್ದ. ಬೆಸುಗೆರಾಯರು ನಿಂತರು. ಕಾರ್ಯದರ್ಶಿಗಳು ಮಲಗಿದಂತೆಯೇ ಸಹಿ ಹಾಕಿದರು, ತಾರೀಕು ಹಾಕಿದರು, ತಾರೀಕಿನ ಕೆಳಗೆ ಎರಡು ಗೆರೆ ಎಳೆದರು. ಶಾಯಿ ಆರುವ ತನಕವೂ ರಾಯರು ನಿಂತೇ ಇದ್ದರು. ಆ ಅರ್ಧ ನಿಮಿಷದ ಲೆಕ್ಕ ಅವರನ್ನು ಇವತ್ತಿಗೂ ಚುಚ್ಚುತ್ತದೆ.

ಅವರು ಬಾಯಿ ತೆರೆಯುವಷ್ಟರಲ್ಲಿ ಟೈಲರು ಯೋಚನೆಗೆ ಬಿದ್ದು ತಂತಿ ಹಿಡಿದಾಗಿತ್ತು. ಸೊನ್ನೆ. ಐವತ್ತೊಂದರ ಮನುಷ್ಯ ಅಂಕೆಯನ್ನು ಒಮ್ಮೆ, ಬೆಂಚಿನಲ್ಲಿ ಉಳಿದ ಜಾಗವನ್ನು ಒಮ್ಮೆ ನೋಡಿ, ಕಾರ್ಯದರ್ಶಿಗಳ ಪಕ್ಕದಲ್ಲೇ ಮಲಗಿದರು. ಸೊಸೆ ಹಿಡಿದಳು, ಸೊನ್ನೆ. ಅತ್ತೆ ಹಿಡಿದರು, ಸೊನ್ನೆ. ಸಭಾಂಗಣದಲ್ಲಿ ಒಬ್ಬರಾದ ಮೇಲೊಬ್ಬರು ಸಾಯುತ್ತಾ ಬಂದರು. ಮಲಗಲು ಬೆಂಚು ಸಾಲದೆ ಕೆಲವರು ನಿಂತೇ ಸತ್ತಿದ್ದರು.

"ಸತ್ತಿರೋದು ನಾವಲ್ಲ," ಎಂದರು ಬೆಸುಗೆರಾಯರು. "ಕರೆಂಟು."

ಆ ಮಾತಿಗೇ ಕಾದಿದ್ದ ಹಾಗೆ ಫ್ಯಾನು ಕಿರ್ ಎಂದಿತು. ಕೊನೆಗೆ ಹಿಡಿದವರ ಕೈಯಲ್ಲಿದ್ದ ತಂತಿಗೆ ಐವತ್ತು ಬಂತು. ರಾಯರು ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಎರಡನೇ ಸಾಲನ್ನು ಗಟ್ಟಿಯಾಗಿ ಓದಿದರು. ಮೊದಲ ದಿನ ನನಗೇ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಕೋಣೆಯ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ, ಸಹಿ ಆಗುವವರೆಗೂ ಸುಮ್ಮನಿದ್ದೆ ಎಂದೂ ಹೇಳಿದರು. ಹೆಂಡತಿಯ ಹೆಸರು ಎತ್ತಲಿಲ್ಲ. ಅಷ್ಟು ಬುದ್ಧಿ ಅವರಿಗಿತ್ತು.

ಕಾರ್ಯದರ್ಶಿಗಳು ಎದ್ದು ಕೂತರು.

"ಹಾಗಾದ್ರೆ ನನ್ನ ಐವತ್ತು?"

"ಗೋಡೆದು ಸಾರ್."

ಕಾರ್ಯದರ್ಶಿಗಳು ನಡಾವಳಿ ಪುಸ್ತಕ ಎಳೆದುಕೊಂಡು, ಈ ನಿರ್ಣಯ ರದ್ದು ಎಂದರು. ರಾಯರು ತಲೆ ತಗ್ಗಿಸಿದರು. ಕೋಣೆ ಹೋಯಿತು, ಮಾಡಿದ್ದುಣ್ಣೋ ಮಾರಾಯ ಎಂದುಕೊಂಡರು. ಆದರೆ ಸಂಘಕ್ಕೆ ಒಂದು ನಿಯಮ ಇತ್ತು: ಸಹಿಯಾದ ನಿರ್ಣಯವನ್ನು ರದ್ದು ಮಾಡುವಾಗ ಸಕಾರಣವಾಗಿ ಬರೆಯಬೇಕು. ಆ ನಿಯಮ ಬರೆದವರು ಕಾರ್ಯದರ್ಶಿಗಳೇ. ಪೆನ್ನು ಹಿಡಿದು, 'ಕಾರಣ' ಎಂದು ಬರೆದರು. ನಿಂತರು. ಕರೆಂಟು ಹೋದದ್ದಕ್ಕೆ ತಾನು ಸತ್ತೆನೆಂದು ತಿಳಿದು ಎಂದು ಯಾವ ಕಾರ್ಯದರ್ಶಿ ತನ್ನ ಕೈಯಾರೆ ಬರೆದಾನು? ಐದು ನಿಮಿಷ ಕಾಗದ ನೋಡಿದರು. ಕೊನೆಗೆ 'ಕಾರಣ' ಎಂಬುದನ್ನು ಹೊಡೆದುಹಾಕಿ, ಪುಸ್ತಕ ಮುಚ್ಚಿ, ಮುಂದಿನ ವಿಷಯ ನೀರಿನ ಟ್ಯಾಂಕು ಎಂದರು. ಯಾರಾದರೂ ಒಂದು ಲೋಟ ಕಾಫಿ ತನ್ನಿ ಎಂದೂ ಹೇಳಿದರು.

ಕೋಣೆ ಉಳಿಯಿತು. ಸಾಲು ಕರಗಿತು. ಟೈಲರು ಮೊದಲಿನಂತೆ ಬೇರೆಯವರ ಅಳತೆ ಮಾತ್ರ ತೆಗೆಯತೊಡಗಿದರು. ಬುಧವಾರ ಸಂಜೆ ರಾಯರು ಒಬ್ಬರೇ ಕೂತು, ನರ್ಸಮ್ಮನ ರೇಡಿಯೋವನ್ನು ಬಿಚ್ಚಿಕೊಂಡು, ಆರು ವರ್ಷದ ಹಿಂದಿನ ತಮ್ಮ ಬೆಸುಗೆಯನ್ನು ನಾಚಿಕೆಯಿಂದ ನೋಡುತ್ತಿದ್ದಾಗ, ಬಾಗಿಲು ಸರಿಯಿತು. ಕಾರ್ಯದರ್ಶಿಗಳು ತಲೆ ತಗ್ಗಿಸಿ ಒಳಬಂದು, ಬಾಗಿಲು ಮುಂದೆ ಮಾಡಿದರು. ಕೋಣೆ ಪರಿಶೀಲನೆಗೆ ಬಂದೆ ಎಂದರು. ಗೋಡೆ ನೋಡಿದರು, ಬಲ್ಬು ನೋಡಿದರು. ಆಮೇಲೆ ತಂತಿ ನೋಡಿದರು.

"ಅದು ಗೋಡೆದು ಸಾರ್," ಎಂದರು ರಾಯರು ಮೆತ್ತಗೆ.

"ಗೊತ್ತು ಕಣಯ್ಯಾ. ಆದ್ರೂ."

ಹಿಡಿದರು. ಐವತ್ತು ಬಂತು. ಐವತ್ತೇ ಇತ್ತು, ಇತ್ತು. ಆಮೇಲೆ ಒಂದೇ ಒಂದು ಸೆಕೆಂಡು ಐವತ್ತೊಂದಾಯಿತು. ಕಾರ್ಯದರ್ಶಿಗಳು ತಟ್ಟನೆ ತಂತಿ ಬಿಟ್ಟುಬಿಟ್ಟರು. ನೋಡಿದ್ರಾ ಎಂಬಂತೆ ರಾಯರ ಕಡೆ ನೋಡಿ, ಜೇಬಿನಲ್ಲಿ ಏನೋ ಜೋಪಾನ ಮಾಡಿಕೊಂಡವರ ಹಾಗೆ ಹೊರಟುಹೋದರು. ಮೆಟ್ಟಿಲಿಗೆ ತಲೆ ಬಡಿದ ಸದ್ದು ಕೇಳಿಸಿತು.

ಎಷ್ಟು ವಯಸ್ಸಾದರೂ ಮನುಷ್ಯನಿಗೆ ಬುದ್ಧಿ ಬರುವುದಿಲ್ಲ ಎಂದು ರಾಯರು ನಕ್ಕರು. ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿದರು. ತಂತಿಯ ತುದಿಯನ್ನು ತಾವೂ ಎರಡು ಬೆರಳಲ್ಲಿ ಹಿಡಿದರು. ನಲವತ್ತೊಂಬತ್ತು.

ಗೋಡೆಯದು, ಗೊತ್ತಿತ್ತು. ಕೈ ಒರೆಸಿಕೊಂಡು ಇನ್ನೊಮ್ಮೆ ಹಿಡಿದರು.